‘ಆ’ ಅಂದರೆ ‘ಆಗಲ್ಲ’

ಜೂನ್ ೧೨, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಬೈಕೋಬೇಡ. ನಾನು ಚೆನ್ನಾಗಿದ್ದೀನಿ, ಯಾವತ್ತಿಗಿಂತ ಜೋರಾಗೇ ಇದ್ದೀನಿ. ಭಾವನ ಮಂಡಿನೋವು ಹೇಗಿದೆ? ಚಿಕ್ಕವಳು ಈಗಲೂ ಬೆಕ್ಕಿಗೆ ಪಾಠ ಹೇಳ್ತಾಳಾ?

ನಮ್ಮ ಆಫೀಸಿನ ಸುದ್ದಿ ಕೇಳು. ಈ ವರ್ಷದಿಂದ ಇಂಜಿನಿಯರುಗಳೇ ಹೊಸ ಗಿರಾಕಿಗಳನ್ನು ಹಿಡಿದು ತರಬೇಕು ಅಂತ ಯಜಮಾನರ ಅಪ್ಪಣೆ. ನನ್ನನ್ನು ಮಾತ್ರ ಒಳಗೆ ಕರೆದು ಬಾಗಿಲು ಹಾಕಿ, "ನೋಡಮ್ಮಾ, ಲೆಕ್ಕ ನಿನ್ನದು, ಮಾತು ಅವನದು. ಗಿರಾಕಿ ಮುಂದೆ ನೀನು ನಗ್ತಾ ಕೂತಿರು, ಸಾಕು" ಅಂದರು. ಅವನು ಅಂದರೆ ನನ್ನ ಪಕ್ಕದ ಮೇಜಿನವನು. ನಾವೆಲ್ಲ ಮಾತಿನಮಲ್ಲ ಅಂತೀವಿ. ಕಲ್ಲಿನ ಹತ್ತಿರಾನೂ ಹೂಂ ಅನ್ನಿಸಿಬಿಡ್ತಾನೆ. ನನ್ನ ಉಗ್ಗು ನಿನಗೆ ಗೊತ್ತೇ ಇದೆ; ಹೊಸಬರ ಮುಂದೆ ಮೊದಲಕ್ಷರವೇ ಗಂಟಲಿಗೆ ಅಡ್ಡ ಮಲಗಿಬಿಡುತ್ತೆ.

ಹೋದ ತಿಂಗಳು ಒಂದು ಆಸ್ಪತ್ರೆಗೆ ಹೋದೆವು. ನಡೆಸೋರು ವಯಸ್ಸಾದ ಡಾಕ್ಟರಮ್ಮ. ಹಳೇ ಕಟ್ಟಡದ ಮೇಲೆ ಇನ್ನೆರಡು ಮಹಡಿ ಬೇಕಂತೆ. ಕಂಬಗಳನ್ನು ನಾನೇ ಪರೀಕ್ಷೆ ಮಾಡಿದ್ದೆ. ಒಂದು ಮಹಡಿ ಹೊರುತ್ತವೆ, ಎರಡು ಸಾಧ್ಯವೇ ಇಲ್ಲ. ದಾರಿಯಲ್ಲೇ ಮಾತಿನಮಲ್ಲನಿಗೆ ಹೇಳಿದೆ. "ಮೊದಲು ಕೆಲಸ ಸಿಗಲಿ, ಆಮೇಲೆ ನೋಡ್ಕೊಳ್ಳೋಣ" ಅಂದ.

ಅಲ್ಲಿ ಅವನು ಅಂಗೈಯಲ್ಲೇ ಅರಮನೆ ಕಟ್ಟಿ ತೋರಿಸಿದ. ಎಲ್ಲ ಕೇಳಿದ ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಲೆಕ್ಕ ನೋಡಿದೋರು ನೀವಲ್ವಾ? ಎರಡು ಮಹಡಿ ಆಗುತ್ತಾ?" ಅಂದರು.

ಎದ್ದು ನಿಂತೆ. "ಆ... ಆ..."

"ಆಗುತ್ತೆ ಅಂತಿದ್ದಾರೆ ಮೇಡಂ" ಅಂತ ಮಾತಿನಮಲ್ಲ ನಗ್ತಾ ಮುಗಿಸಿಬಿಟ್ಟ.

ಅಕ್ಕ, ಮೈಯೆಲ್ಲ ಉರಿದುಹೋಯಿತು. ಮೇಜು ಕುಟ್ಟಿದೆ. ನೀರಿನ ಲೋಟ ಉರುಳಿ ಅವನ ತೊಡೆ ಮೇಲೆ ಚೆಲ್ಲಿತು. ಚೆಲ್ಲಲಿ ಅಂದುಕೊಂಡೆ. ಮಾತು ಮಾತ್ರ ಬಿಡಲಿಲ್ಲ.

"ಆ... ಆ... ಆಗಲ್ಲ! ಒಂದೇ ಮಹಡಿ. ಎರಡು ಕಟ್ಟಿದ್ರೆ ರೋಗಿಗಳ ತಲೆ ಮೇಲೇ ಬೀಳುತ್ತೆ. ನ... ನನ್ನ ಮಾತು ನಾನೇ ಮುಗಿಸ್ತೀನಿ. ಕಾಯೋಕಾದ್ರೆ ಕಾಯಿರಿ."

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ಕಾದರು. ಯಾಕೆ ಆಗಲ್ಲ ಅಂತ ಪೂರ್ತಿ ಹೇಳಿಯೇ ಕೂತೆ.

ಆಫೀಸಿಗೆ ಬಂದರೆ ಯಜಮಾನರು ಕೆಂಡ. "ಬಾಯಿಗೆ ಬಂದ ತುತ್ತು ಚೆಲ್ಲಿ ಬಂದೆಯಲ್ಲ! ಗಿರಾಕಿ ಹತ್ತಿರ ಆಗಲ್ಲ ಅನ್ನೋದೂ ಒಂದು ವ್ಯಾಪಾರಾನಾ?"

"ನಾನು ಹೋದ ಕಡೆ ನಾನೇ ಮಾತಾಡೋದು. ಉಗ್ಗಿಕೊಂಡೇ. ಇಷ್ಟ ಇಲ್ದಿದ್ರೆ ರಾಜೀನಾಮೆ ತಗೊಳ್ಳಿ" ಅಂದೆ. ಅಷ್ಟು ಹೇಳೋಕೆ ಎಷ್ಟು ಹೊತ್ತು ಹಿಡೀತು ಅಂದರೆ, ಪಾಪ, ಅವರಿಗೆ ನಡುವೆ ಬೈಯೋಕೂ ಸಂದು ಸಿಗಲಿಲ್ಲ.

ಮೊನ್ನೆ ಆಸ್ಪತ್ರೆಯಿಂದ ಫೋನ್ ಬಂತು. "ಆಗಲ್ಲ ಅಂದೋರು ಇದ್ದಾರಾ? ಅವರ ಕೈಲೇ ಕೆಲಸ ಮಾಡಿಸ್ತಾರಂತೆ ನಮ್ಮ ಡಾಕ್ಟರಮ್ಮ." ಒಂದೇ ಮಹಡಿ. ಈಗ ಯಜಮಾನರು ‘ನಮ್ಮದು ನೇರ ಮಾತು’ ಅಂತ ಕಂಡಕಂಡವರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ದಾರೆ. ಹೇಳ್ಕೊಳ್ಳಲಿ. ಮಾತಾಡೋಳು ಮಾತ್ರ ನಾನೇ.

ಭಾವನಿಗೆ ನಮಸ್ಕಾರ. ಮಕ್ಕಳು ನೂರು ಕಾಲ ಸುಖವಾಗಿರಲಿ, ಬಾಯ್ತುಂಬ ಮಾತಾಡಲಿ.

ನಿನ್ನ ತಂಗಿ

ಮರೆತ ಮಾತು: ಆವತ್ತು ನನ್ನನ್ನು ನೋಡೋಕೆ ಗಂಡಿನ ಮನೆಯವರು ಬಂದು ‘ಮದುವೆಗೆ ಏನಂತೀಯಮ್ಮ’ ಅಂತ ಕೇಳಿದಾಗ ನಾನು "ಒ... ಒ..." ಅಂತಿದ್ದೆ. ನೀನು ನನ್ನ ಭುಜ ಹಿಡಿದು "ಒಪ್ಪಿಗೆಯಂತೆ" ಅಂದುಬಿಟ್ಟೆ. ಎಲ್ಲರೂ ನಕ್ಕರು, ಅಪ್ಪ ಕಣ್ಣು ಒರೆಸಿಕೊಂಡರು, ನನ್ನ ಬಾಯಿ ಮುಚ್ಚಿಹೋಯಿತು. ಆ ಮನೆಯಿಂದ ಹೊರಗೆ ಬರೋಕೆ ಒಂಬತ್ತು ವರ್ಷ ಬೇಕಾಯಿತು. ನೀನು ಪ್ರೀತಿಯಿಂದಲೇ ಅಂದೆ, ಗೊತ್ತು. ಆದರೆ ನಾನು ಹೇಳೋಕೆ ಹೊರಟಿದ್ದು ‘ಒಪ್ಪಲ್ಲ’ ಅಂತ, ಅಕ್ಕ.