ಅರ್ಜಿಯ ಕೊನೆಯ ಸಾಲು

ನ. 9, ಭಾನುವಾರ. ಊರು.

ಸಾರಿ. ಕೆಮಿಸ್ಟ್ರಿ ರೆಕಾರ್ಡ್ ಬರೆಯಬೇಕಾದ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಯಾರಿಗೆ ಸಾರಿ — ಗೊತ್ತಿಲ್ಲ. ಅಪ್ಪ ಇವತ್ತೂ ಊಟದ ನಡುವೆ ರೊಟ್ಟಿ ಹಿಡಿದುಕೊಂಡೇ ನಿದ್ದೆ ಹೋದ. ತೆಲುಗು ಸೀಮೆಯ ನಮ್ಮೂರ ಮುನ್ಸಿಪಾಲ್ಟಿಯಲ್ಲಿ ನೀರು ಬಿಡುವ ಕೆಲಸ. ಏಳು ಜನರದ್ದನ್ನು ಈಗ ನಾಲ್ವರೇ ಮಾಡುತ್ತಾರೆ. ದಿನಕ್ಕೆ ಹದಿನಾರು ಗಂಟೆ. ಹೆಚ್ಚಿನ ಗಂಟೆಗಳಿಗೆ ಓಟಿ ಕೊಡುತ್ತಾರೆ, ಹಳೇ ರೇಟು. ನನ್ನ ಫೀಸು ಅದರದ್ದೇ.

ಸಂಜೆ ಅಪ್ಪನ ಜೊತೆ ದುಡಿಯುವ ಬಾಲಯ್ಯ ಕಾಕಾ ಬಂದರು.

"ಜ್ಯೋತಿ, ಇಂಗ್ಲೀಷಿನಾಗ ಒಂದು ಅರ್ಜಿ ಬರೀ ಅವ್ವಾ. ತೆಲುಗಿನಾಗ ಕೊಟ್ರ ಸಾಹೇಬ ಅದರ ಮ್ಯಾಲೆ ಚಹಾದ ಗ್ಲಾಸ್ ಇಡ್ತಾನ."

"ಏನಂತ ಬರೀಲಿ ಕಾಕಾ?"

"ಓಟಿ ರೇಟ್ ಹೆಚ್ಚು ಮಾಡ್ರಿ ಅಂತ. ಅಷ್ಟ. ಹೊಸಬರನ್ನ ತಗೋರಿ ಅಂತ ಮಾತ್ರ ಬರೀಬ್ಯಾಡ. ಅವ್ರು ಬಂದ್ರ ಓಟಿ ಹೋತು."

ಬರೆದೆ. ಕೊನೆಗೆ ನನ್ನದೊಂದು ಸಾಲು — ಇಷ್ಟು ದುಡಿತ ಇವರ ಮೈಗೆ ಆಗದು, ದಯವಿಟ್ಟು ಹೊಸಬರನ್ನು ನೇಮಿಸಿ. ಓದಿ ಹೇಳುವಾಗ ಅದೊಂದನ್ನು ಬಿಟ್ಟೆ. ಯಾರ ಮನೆಯಲ್ಲಿ ಅರ್ಜಿ ಬರೆಸುತ್ತಾರೋ ಅವರದೇ ಮೊದಲ ಸಹಿ, ಇವರ ರೂಢಿ. ಅಪ್ಪ ನಿಧಾನವಾಗಿ ಬರೆದ... ಮೊಗುಲಪ್ಪ.

ನ. 10. ಗದ್ವಾಲ್, ಹಾಸ್ಟೆಲ್.

ಮಕ್ತಲ್‌ನಲ್ಲಿ ಬಸ್ ಬದಲಿಸುವಾಗ ಅನ್ನಿಸಿತು, ಫೋನ್ ಮಾಡಿ ಆ ಸಾಲಿನ ವಿಷಯ ಹೇಳಿಬಿಡಲಾ? ಮಾಡಲಿಲ್ಲ.

ಡಿ. 3, ಬುಧವಾರ.

ಅವ್ವನ ಫೋನ್. ಹೊಸಬರು ಮೂವರು ಬಂದರಂತೆ, ಔಟ್‌ಸೋರ್ಸಿಂಗ್. ಓಟಿ ಬಂದ್. ಸಾಹೇಬರು ಎಲ್ಲರೆದುರು ಅರ್ಜಿ ಓದಿ, "ಮೀರೇ ಕದಾ ಅಡಿಗಿಂದಿ" ಅಂದರಂತೆ — ನೀವೇ ಕೇಳಿದ್ದಲ್ಲವಾ.

"ಅಪ್ಪ ಮಲಗಿದಾನಾ?"

"ಎಲ್ಲಿ ಮಲಗ್ತಾನ. ಯಾವ ವಾಲ್ವ್ ಎಷ್ಟು ಸುತ್ತು ಅಂತ ಹೊಸಬರಿಗೇನು ಗೊತ್ತು? ಕಲಿಸಾಕ ಹೋಗ್ಯಾನ. ಈಗ ಬಿಟ್ಟಿ."

ಡಿ. 7, ಭಾನುವಾರ. ಊರು.

ಅಪ್ಪನ ಜೊತೆ ಚಹಾದಂಗಡಿಗೆ ಹೋದೆ. ಬಾಲಯ್ಯ ಕಾಕಾ, ಇನ್ನಿಬ್ಬರು ಬೆಂಚಿನ ಮೇಲೆ. ಯಾರೂ ಸರಿಯಲಿಲ್ಲ.

"ಬರ್ರಿ ಲೀಡರ್ ಸಾಬ್," ಅಂದರು ಕಾಕಾ. "ಮೊದಲ ಸಹಿ ನಿಮ್ದ. ನನ್ನ ಮಗಳು ಸ್ರವಂತಿ ಫೀಸೂ ನೀವ ಕಟ್ತೀರೇನು?"

ಅಪ್ಪ ನಿಂತೇ ಕುಡಿದ. "ನಾನ ಬರಿಸೀನಿ. ಹುಡುಗಿಗೆ ಏನೂ ಅನಬ್ಯಾಡ್ರಿ."

ಸುಳ್ಳು. ದಾರಿಯಲ್ಲಿ ಕೇಳಿದೆ, ಯಾಕೆ ಹಾಗಂದೆ?

"ಇಪ್ಪತ್ತು ವರ್ಷ ಜೋಡಿ ದುಡದೀವಿ. ನನ್ನ ಮ್ಯಾಲಿನ ಸಿಟ್ಟು ಇಳೀತೈತಿ. ಓದಿದ ಹುಡುಗಿ ಮೋಸ ಮಾಡಿದ್ಲು ಅಂದ್ರ ಬಾಲಯ್ಯ ಸ್ರವಂತಿನ ಕಾಲೇಜು ಬಿಡಸ್ತಾನ."

ಬೈಯಲೂ ಇಲ್ಲ. ಬೈದಿದ್ದರೆ...

ಡಿ. 9, ಮಂಗಳವಾರ. ಹಾಸ್ಟೆಲ್.

ಅವ್ವನ ಫೋನ್. ಅಪ್ಪ ಚಹಾದಂಗಡಿಗೇ ಹೋಗುತ್ತಿಲ್ಲವಂತೆ. ನಿದ್ದೆಯೂ ಇಲ್ಲ, ಸುಮ್ಮನೆ ಕೂತಿರುತ್ತಾನಂತೆ. ಬಾಲಯ್ಯ ಕಾಕಾಗೆ ವಾಯ್ಸ್ ಮೆಸೇಜ್ ಕಳಿಸಬೇಕು. ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ತೊದಲುತ್ತೇನೆ.

ಕಾಕಾ, ಕೊನೇ ಸಾಲು ನಂದು. ಅಪ್ಪಗ ಗೊತ್ತಿರಲಿಲ್ಲ. ಓದುವಾಗ ನಾನ ಬಿಟ್ಟೆ. ನನ್ನ ಬೈರಿ, ಸ್ರವಂತಿನ ಬಿಡಸಬ್ಯಾಡ್ರಿ. ನಾಳೆ ಮುಂಜಾನೆ ಅಪ್ಪನ್ನ ಚಹಾಕ್ಕ ಕರೀತೀರಾ? ಲಗೂನ ಹೇಳ್ರಿ.