ಪ್ರಾಚಿಯ ಎತ್ತರದ ಕಾಲರು

ಅಫಜಲಪುರ,
ಮೇ ೧೨, ೨೦೨೪

ನನ್ನ ಪ್ರಾಚಿಗೆ,

ಅಜ್ಜನ ಆಶೀರ್ವಾದ. ಆರಾಮ ಇದ್ದೀಯೇನವ್ವಾ? ಸೊಲ್ಲಾಪುರದಾಗ ಹೊತ್ತಿಗೆ ಸರಿಯಾಗಿ ಉಣ್ಣಾಕತ್ತೀಯೋ ಇಲ್ಲೋ? ಫೋನ್ ಎತ್ತೂದಿಲ್ಲ ನೀ, ಅದಕ್ಕ ಕಾಗದ ಹಿಡದೇನಿ. ನನ್ನ ಮಂಡಿನೋವು ಇದ್ದದ್ದೇ, ಅದನ್ನ ಬಿಡು.

ನಿನ್ನೆ ಬಜಾರದಾಗ ಟೇಲರ್ ಹಫೀಜ ಸಿಕ್ಕು ನಿನ್ನ ಕೇಳಿದ. ನಿನ್ನ ಕೊರಳಾಗ ಬಿಳಿ ಕಲೆ ಕಂಡಾಗ ನಿಮ್ಮವ್ವ ಅವನ ಕಡೆಯಿಂದನೇ ಗದ್ದದ ತನಕ ಕಾಲರು, ಮುಂಗೈ ತನಕ ತೋಳು ಇರೋ ಬ್ಲೌಸು ಹೊಲಿಸಿದ್ಲಲ್ಲ. ಇಂಥಾ ಬಿಸಿಲೂರಾಗ! ಓಣಿ ಹುಡುಗ್ಯಾರಿಗೆ ಅದೇ ಶೋಕಿ ಕಾಣ್ತು. "ಪ್ರಾಚಿ ಅಕ್ಕನಂಗ ಹೊಲೀರಿ ಚಾಚಾ" ಅಂತ ಅವನ ಅಂಗಡಿ ಮುಂದ ಪಾಳಿ ಹಚ್ಚಿದ್ರು. ಆಗ ನಾ ನಿನಗ ಫ್ರಾನ್ಸಿನ ರಾಜನ ಕಥಿ ಹೇಳಿದ್ದೆ. ಸಣ್ಣ ವಯಸ್ಸಿಗೇ ಕೂದಲಾ ಉದುರಿ ಅಂವ ವಿಗ್ ಹಾಕ್ಕೊಂಡ. ಜಡ್ಡಿನಿಂದ ಇರಬೇಕು ಅಂತಾರ ಕೆಲವರು. ದರ್ಬಾರಿನಾಗ ಚಂದ ಕೂದಲಾ ಇದ್ದವರೂ ತಲಿ ಬೋಳಿಸಿ ವಿಗ್ ಹಾಕ್ಕೊಂಡ್ರು. ನೀ ನಕ್ಕು, "ಹಂಗಾದ್ರ ನಾ ಅಫಜಲಪುರದ ರಾಣಿ ಬಿಡು ಅಜ್ಜಾ" ಅಂದಿ. ಆ ನಗು ಮತ್ತ ನಾ ಕೇಳಿಲ್ಲ.

ನಿಶ್ಚಯದ ದಿನ ಯಡ್ರಾಮಿಯ ಬೀಗತಿ ಸರ ಹಾಕಾಕ ಅಂತ ನಿನ್ನ ಕಾಲರಿನ ಗುಂಡಿ ಬಿಚ್ಚಿ ಕಲೆ ಕಂಡ್ಲು ನೋಡು, ಅವತ್ತಿಗೇ ಲಗ್ನದ ಮಾತೆಲ್ಲಾ ಮುಗೀತು. ನೀ ಬಸ್ ಹತ್ತಿ ಹೋದ ಮ್ಯಾಲ ಅದೇ ಹುಡುಗ್ಯಾರು ಬ್ಲೌಸು ತಂದು, "ಕಾಲರು ಕತ್ತರಿಸಿ ಕೊಡ್ರಿ" ಅಂದ್ರಂತ. ಒಬ್ಬಾಕಿ ತನ್ನದನ್ನ ವಾಪಸ್ ಒಯ್ಯಲೇ ಇಲ್ಲಂತ. ಇದು ಮುಟ್ಟಿದ್ರ ಹತ್ತೂ ಜಡ್ಡಲ್ಲ ಅಂತ ಡಾಕ್ಟರು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ರಾಜನ ಜೋಡಿ ಇಡೀ ದರ್ಬಾರು ನಿಂತಿತು. ನಿನ್ನ ಜೋಡಿ ಮನಿಯವರೂ ನಿಲ್ಲಲಿಲ್ಲ. ಜೀವಮಾನ ಇಡೀ ಇತಿಹಾಸ ಕಲಿಸಿ ನಾ ಏನು ಮಾಡಿದೆನೋ, ತಿಳೀವಲ್ದು.

ಎಲ್ಲೇ ಇರು, ತಣ್ಣಗಿರು ನನ್ನವ್ವಾ. ತೆಳ್ಳನ ಅರಿವಿ ಹಾಕ್ಕೋ, ಕೊರಳಿಗೆ ಗಾಳಿ ಆಡಲಿ.

ನಿನ್ನ ಅಜ್ಜ,
ವಾಮನ

ತಾ.ಕ.: ಇಷ್ಟೊತ್ತು ಬರೀಲಿಕ್ಕೆ ಧೈರ್ಯ ಆಗಲಿಲ್ಲ. ಮೊನ್ನೆ ನಿನ್ನ ತಂಗಿ ದೀಪಾಲಿನ್ನ ನೋಡಾಕ ಆಳಂದದವರು ಬಂದಿದ್ರು. "ಒಬ್ಬಾಕೇ ಮಗಳೇನ್ರಿ?" ಅಂತ ಕೇಳಿದ್ರು. ನಿಮ್ಮಪ್ಪ "ಹೌದ್ರಿ" ಅಂದ. ನನಗ ತಡಕೊಳ್ಳಾಕ ಆಗಲಿಲ್ಲ. "ಇಲ್ರಿ, ದೊಡ್ಡಾಕಿ ಪ್ರಾಚಿ ಅದಾಳ" ಅಂದು ಎಲ್ಲಾ ಹೇಳಿಬಿಟ್ಟೆ. ಚಹಾ ಕುಡೀದ ಎದ್ದು ಹೋದ್ರು. ದೀಪಾಲಿ ಖೋಲಿ ಬಾಗಿಲಾ ಹಾಕ್ಕೊಂಡು ಊಟ ಬಿಟ್ಟಾಳ. ಆಕಿ ಸಿಟ್ಟು ನನ್ನ ಮ್ಯಾಲ, ನಿನ್ನ ಮ್ಯಾಲಲ್ಲ. ಆಕಿಗೊಂದು ಫೋನ್ ಮಾಡು. ನನ್ನ ಜೋಡಿ ಮಾತಾಡದಿದ್ರೂ ನಡೀತದ.