ಸಿಮೆಂಟಿನ ಹಿಂದೆ

ಹಡಗಿನ ಅಡುಗೆಕೋಣೆಯಿಂದ,
ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಸದ್ದು ಕೇಳದೆ ತಗಡನ್ನು ನಂಬಬೇಡ ಎಂದಿದ್ದೆಯೋ, ಸದ್ದು ಕೇಳಿಸಿತೆಂದು ನಂಬಬೇಡ ಎಂದಿದ್ದೆಯೋ, ಬೆಳಗಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಹಡಗಿನ ತಳ ಬಡಿದು ನೋಡಲು ನನ್ನ ಕೈಗೆ ಮೊದಲ ಸಲ ಸುತ್ತಿಗೆ ಕೊಟ್ಟಾಗ ಹೇಳಿದ ಮಾತು; ಅದರಲ್ಲಿ ಅರ್ಧ ಪಂಪಿನ ಗದ್ದಲದಲ್ಲಿ ಹೋಯಿತು. ಇರಲಿ. ನಿನ್ನ ಮೊಣಕಾಲು ಹೇಗಿದೆ? ನೀನೀಗ ಸೇರಿರುವ ಡಾಕಿನಲ್ಲೂ ದಿನವಿಡೀ ಏಣಿ ಹತ್ತಿ ಇಳಿಯುವುದೇ ಅಂತೆ. ಅಮ್ಮ ಚೆನ್ನಾಗಿದ್ದಾಳೆ, ಎಂದರೆ ಬೈಯುವಷ್ಟು ಚೆನ್ನಾಗಿದ್ದಾಳೆ. "ಮುನಿಸು ಹಡಗಿನ ಮೇಲೆ ತಾನೆ? ಫೋನು ಏನು ಪಾಪ ಮಾಡ್ತು?" ಎಂದು ನಿನ್ನೆ ಕೇಳಿದಳು. ನನ್ನ ಕರೆಗಳನ್ನೂ ನೀನು ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ಹಡಗಿನ ಸರಪಳಿಗಳನ್ನು ಹೊತ್ತು ನಿಮ್ಮ ಡಾಕಿಗೆ ರಸ್ತೆಯಲ್ಲಿ ಹಡಗಿಗಿಂತ ಮುಂಚೆಯೇ ಬರುತ್ತಿರುವ ವ್ಯಾನಿನ ಚಾಲಕನ ಕೈಯಲ್ಲಿ ಕಳಿಸುತ್ತಿದ್ದೇನೆ.

ಸುದ್ದಿ ಇಷ್ಟು: ನಮ್ಮ ಮುದುಕಿ, ಈ ಮ್ಯೂಸಿಯಂ ಹಡಗು, ಕೊನೆಗೂ ದಡ ಬಿಡುತ್ತಾಳೆ. ಬುಧವಾರ ಬೆಳಿಗ್ಗೆ ಟಗ್ ದೋಣಿ ಬಂದು ಅವಳನ್ನು ತಳದ ರಿಪೇರಿಗೆ ನಿಮ್ಮ ಡ್ರೈಡಾಕಿಗೆ ಎಳೆದು ತರುತ್ತದೆ. ನೀನು ಕೇಳಿ ಕೇಳಿ ಸಾಕಾಗಿ ಕೆಲಸ ಬಿಟ್ಟದ್ದು ಇದಕ್ಕೇ. "ಮುಂದಿನ ವರ್ಷ ನೋಡೋಣ" ಎಂದು ನಿನ್ನ ಮೂಗಿಗೆ ತುಪ್ಪ ಸವರುತ್ತಿದ್ದ ಮ್ಯೂಸಿಯಂ ಮುಖ್ಯಸ್ಥರು ಈಗ ಅದು ತಮ್ಮದೇ ಯೋಚನೆ ಎಂಬಂತೆ ಪತ್ರಿಕೆಯವರಿಗೆ ಹೇಳುತ್ತಿದ್ದಾರೆ. ನೀನು ನಗಬಹುದು. ನನಗೆ ನಗು ಬರಲಿಲ್ಲ, ಏಕೆಂದರೆ ಅಷ್ಟರಲ್ಲಿ ನಾನು ನಿನ್ನ ಸಿಮೆಂಟಿನ ಮುಂದೆ ಕೂತಿದ್ದೆ.

ಮೂತಿಯಿಂದ ಶುರು ಮಾಡಿ ತಳವನ್ನೆಲ್ಲ ಒಳಗಿನಿಂದ ಬಡಿಯುತ್ತ ಬಂದಿದ್ದೇನೆ, ನೀನು ಕಲಿಸಿದ ಹಾಗೇ. ಗಟ್ಟಿ ತಗಡು ಗಂಟೆಯಂತೆ ಉಲಿಯುತ್ತದೆ, ತುಕ್ಕು ತಿಂದದ್ದು ದಬ್ಬೆನ್ನುತ್ತದೆ, ಅಲ್ಲಿ ಸೀಮೆಸುಣ್ಣದ ಗುರುತು. ಬಾಯ್ಲರ್ ಕೋಣೆಯ ಎಡಬದಿಗೆ ಬಂದಾಗ ನೆಲಹಾಸಿನ ಕೆಳಗೆ ಆ ಸಿಮೆಂಟು, ದೊಡ್ಡ ದಿಂಬಿನಂತೆ. ಅಲ್ಲಿ ನೀರು ಜಿನುಗತೊಡಗಿದಾಗ ಹಲಗೆಯ ಚೌಕಟ್ಟು ಕಟ್ಟಿ ಸುರಿದಿದ್ದೆಯಲ್ಲ, "ಇದು ಪಟ್ಟಿ ಕಣೇ, ಮೂಳೆ ಅಲ್ಲ" ಎಂದು ಅದರ ಮೇಲೇ ಕೈ ಒರೆಸಿ ಕೆಲಸ ಬಿಟ್ಟು ಹೊರಟುಹೋದೆಯಲ್ಲ, ಆ ಬೆರಳ ಗುರುತು ಹಾಗೇ ಇದೆ. ಬಡಿದೆ. ಸಿಮೆಂಟು ಕಿವುಡು, ಒಳಗೇನಿದೆಯೆಂದು ಬಾಯಿ ಬಿಡುವುದಿಲ್ಲ. ಮೊದಲು ಹೊಸ ತಗಡು ಬೆಸೆದು ಆಮೇಲೆ ಸುರಿದಿದ್ದರೆ ದಾರಿಯಲ್ಲಿ ಚಿಂತೆಯಿಲ್ಲ. ತುಕ್ಕಿನ ಮೇಲೇ ಸುರಿದಿದ್ದರೆ, ಅಲೆಯ ಮೇಲೆ ಹಡಗು ಬಾಗುತ್ತದೆ, ಸಿಮೆಂಟಿಗೆ ಬಾಗಲು ಬರುವುದಿಲ್ಲ, ಒಡೆಯುತ್ತದೆ. ಕೊರೆದು ನೋಡೋಣವೆಂದರೆ, ಹಿಂದೆ ಏನೂ ಇಲ್ಲದಿದ್ದರೆ ಕೊರೆದ ತೂತೇ ಸಮುದ್ರಕ್ಕೆ ಬಾಗಿಲು.

ಹೊರಗಿನಿಂದ ನೋಡಲು ಮುಳುಗುಗಾರನನ್ನು ಇಳಿಸಿದೆವು. ತಳಕ್ಕೆ ಅಂಟಿದ ಕಡಲ ಚಿಪ್ಪು ಮೊಳದಷ್ಟು ದಪ್ಪ ಬೆಳೆದಿದೆಯಂತೆ, ತಗಡೇ ಕಾಣುವುದಿಲ್ಲವಂತೆ. "ನಾನಂತೂ ಕೆರೆಯಲ್ಲ ಅಕ್ಕಾ. ಆ ಚಿಪ್ಪೇ ಹಡಗನ್ನ ಹಿಡ್ಕೊಂಡಿದ್ರೆ? ಕೆರೆದ್ರೆ ನೀವು ಒಳಗಿಂದ ನನ್ನ ಕೈ ಕುಲುಕಬೇಕಾಗತ್ತೆ" ಎಂದು ಮೇಲೆ ಬಂದು ಚಹಾ ಕೇಳಿದ. ಮುಖ್ಯಸ್ಥರು, "ಇಷ್ಟು ವರ್ಷ ನಿಂತಿದೆ, ಇನ್ನೊಂದು ದಿನ ನಿಲ್ಲಲ್ವಾ?" ಎಂದರು. ಹಡಗು ನೋಡಿ ಹೋಗಲು ಬಂದಿದ್ದ ಟಗ್ಗಿನ ಕ್ಯಾಪ್ಟನ್ ಅವರತ್ತ ತಿರುಗಲೂ ಇಲ್ಲ. "ನಿಲ್ಲೋದು ಬೇರೆ, ನಡೆಯೋದು ಬೇರೆ. ತಳ ಗಟ್ಟಿಯಿದೆ ಅಂತ ನೀವು ಬಾಯಿಬಿಟ್ಟು ಹೇಳಿ ಅಮ್ಮಾ, ಹಗ್ಗ ಕಟ್ತೀನಿ" ಎಂದು ನನಗೆ ಹೇಳಿದ. ಇಲ್ಲವೆಂದರೆ ಡಾಕಿನ ಸರದಿ ಬೇರೆ ಹಡಗಿಗೆ ಹೋಗುತ್ತದೆ. ಆಮೇಲೆ ಗುಜರಿ, ಆ ಮಾತನ್ನು ಮುಖ್ಯಸ್ಥರು ಈಗಲೇ ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಿದ್ದಾರೆ.

ವಿಚಿತ್ರವೆಂದರೆ ಇದು ನನಗೆ ಗೊತ್ತಿರಬೇಕಿತ್ತು ಅನಿಸುತ್ತಿದೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಸಿಟ್ಟು ಬಂದಾಗ ನೀನು ಎಂದಿಗಿಂತ ಅಚ್ಚುಕಟ್ಟಾಗಿ ಕೆಲಸ ಮಾಡುತ್ತೀ, ಯಾರೂ ಬೆರಳು ತೋರಿಸಬಾರದೆಂದು. ಸಿಟ್ಟು ಬಂದಾಗ ಕಲಸಿದ ಅನ್ನ ಬಿಟ್ಟು ಎದ್ದು ಹೋಗುವವನೂ ನೀನೇ. ಎರಡನ್ನೂ ನೋಡಿದ್ದೇನೆ. ಆ ದಿನದ ಸಿಟ್ಟು ಯಾವ ಬಗೆಯದು ಎಂಬುದು ಮಾತ್ರ ತಿಳಿಯದು, ನಾನು ಮೇಲೆ ಡೆಕ್ಕಿನಲ್ಲಿ ಶಾಲೆಯ ಮಕ್ಕಳಿಗೆ ಹಡಗು ತೋರಿಸುತ್ತಿದ್ದೆ, ಇಳಿದು ಬರುವಷ್ಟರಲ್ಲಿ ನೀನು ಸಿಮೆಂಟು ಸುರಿದು ಮುಗಿಸಿದ್ದೆ.

ಅಮ್ಮ ಆಶೀರ್ವಾದ ಹೇಳಿದ್ದಾಳೆ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ, ಬಿಸಿ ಮಾಡಿ.

ಇಂತಿ ನಿನ್ನ ಹಿಂದೆಯೇ ಈ ಹಡಗು ಹತ್ತಿದ
ಬಾಲಂಗೋಚಿ

ತಾ.ಕ.: ವ್ಯಾನು ಹಾರ್ನ್ ಹೊಡೆಯುತ್ತಿದೆ. ಎಳೆದೊಯ್ಯುವಾಗ ಪಂಪು ನೋಡಿಕೊಳ್ಳಲು ಒಬ್ಬರು ಹಡಗಿನಲ್ಲೇ ಇರಬೇಕು. ನಾನಿರುತ್ತೇನೆ ಎಂದುಬಿಟ್ಟಿದ್ದೇನೆ, ಅಮ್ಮನಿಗೆ ಗೊತ್ತಿಲ್ಲ. ಪಂಪು ಇರುವುದು ಬಾಯ್ಲರ್ ಕೋಣೆಯಲ್ಲಿ, ಎಡಬದಿಗೆ. ಚಾಲಕ ನಾಳೆ ಸಂಜೆ ವಾಪಸು ಬರುತ್ತಾನೆ, ಅವನ ಬಾಯಲ್ಲಿ ಒಂದು ಮಾತು ಕಳಿಸಿದರೆ ಸಾಕು, ನನ್ನೊಂದಿಗೆ ಮಾತಾಡಬೇಕೆಂದೇನಿಲ್ಲ. ಸಿಮೆಂಟಿನ ಹಿಂದೆ ತಗಡು ಹಾಕಿದ್ದೆಯಾ, ಅಣ್ಣಾ?